ಸೋದರಮಾವನ ಆಕ್ಷೇಪಣಾ ಪತ್ರ

ನಮ್ಮ ಮನೆಯ ದೇವರ ಗೂಡಿನಲ್ಲಿ ಹಿತ್ತಾಳೆಯ ಒಂದು ಕುಂಕುಮದ ಭರಣಿಯಿತ್ತು. ನನಗೆ ಬುದ್ಧಿ ತಿಳಿದಾಗಿನಿಂದ ಅದರ ಮುಚ್ಚಳ ಒಂದು ದಿನವೂ ಸರಿಯಾಗಿ ಕೂತದ್ದಿಲ್ಲ. ಅಮ್ಮ ಅದನ್ನು ಚೀಲಕ್ಕೆ ಹಾಕಿಕೊಂಡು ಯಾವುದಾದರೂ ಮದುವೆಗೆ ಕರೆಯಲು ಹೊರಟರೆ, ಹಿಂತಿರುಗುವಷ್ಟರಲ್ಲಿ ಲಗ್ನಪತ್ರಿಕೆ, ಕನ್ನಡಕದ ಡಬ್ಬಿ, ಬಸ್ ಟಿಕೆಟು ಎಲ್ಲವೂ ಮುತ್ತೈದೆಯರಾಗಿರುತ್ತಿದ್ದವು. ಅಮ್ಮ ತೀರಿಕೊಂಡ ಮೇಲೆ ಭರಣಿ ಗೂಡು ಬಿಟ್ಟು ಕದಲಿರಲಿಲ್ಲ. ಅದನ್ನು ಮತ್ತೆ ಕೆಳಗಿಳಿಸಿದ್ದು, ಓದುಗ ಮಿತ್ರರೇ, ವಿಶೇಷ ವಿವಾಹ ಕಾಯಿದೆ.

ನನ್ನ ತಂಗಿ ವಸುಧಾಳಿಗೆ ಆಗ ನಲವತ್ತೇಳು. ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದಳು, ಗುಬ್ಬಿಯಲ್ಲಿ ನಮ್ಮ ಜೊತೆಗೇ ಇದ್ದಳು. ಅವಳ ಮದುವೆಯ ಮಾತನ್ನು ನಾವೆಲ್ಲ ಹಳೇ ರೇಡಿಯೋದಂತೆ ಅಟ್ಟಕ್ಕೆ ಹಾಕಿ ಮರೆತಿದ್ದೆವು. ಒಂದು ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಾ ಅವಳು, ತೆಂಗಿನ ಬೇಸಾಯ ಕಲಿಯಲು ತಾಂಜಾನಿಯಾದಿಂದ ಬಂದಿದ್ದ ಜೋಸೆಫ್ ಎಂಬ ಕೃಷಿ ಮೇಷ್ಟ್ರನ್ನು ಮದುವೆಯಾಗುವುದಾಗಿ ತಿಳಿಸಿದಳು. "ಕೇಳ್ತಿಲ್ಲ ಕಣೋ ಅಣ್ಣ, ಹೇಳ್ತಿದೀನಿ" ಎಂದೂ ಸೇರಿಸಿದಳು. ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.

ಬೇರೆ ದೇಶದವನ ಜೊತೆ ಮದುವೆಯೆಂದರೆ ಜಾತಕದ ತೊಂದರೆಯಿಲ್ಲ. ಅದರ ಜಾಗದಲ್ಲಿ ಪಾಸ್‌ಪೋರ್ಟು, ವೀಸಾ, ವಾಸದ ದಾಖಲೆ, ಜೊತೆಗೆ ಈತನಿಗೆ ಬೇರೆ ಹೆಂಡತಿಯಿಲ್ಲವೆಂದು ಅವನ ದೇಶದ ರಾಯಭಾರ ಕಚೇರಿ ಕೊಟ್ಟ ಪತ್ರ. ಒಬ್ಬ ಮನುಷ್ಯ ಒಂಟಿಯೆಂದು ಒಂದು ದೇಶವೇ ಮೊಹರು ಹಾಕಿ ಹೇಳುವುದನ್ನು ನಾನು ಮೊದಲ ಬಾರಿ ಕಂಡೆ. ನಮ್ಮ ಕಡೆ ಆ ಕೆಲಸವನ್ನು ಎದುರುಮನೆಯವರು ಮಾಡುತ್ತಾರೆ. ಇಷ್ಟಾದ ಮೇಲೆ ಇಬ್ಬರ ಫೋಟೋ ಅಂಟಿಸಿದ ನೋಟಿಸನ್ನು ಗುಬ್ಬಿಯ ನೋಂದಣಿ ಕಚೇರಿಯ ಗೋಡೆಗೆ ಹಚ್ಚಿದರು. ಯಾರಿಗಾದರೂ ತಕರಾರಿದ್ದರೆ ಮೂವತ್ತು ದಿನದೊಳಗೆ ಬರೆದು ಕೊಡಬೇಕು. ಆ ಮೂವತ್ತು ದಿನ ಕಳೆದು ಒಂಬತ್ತು ದಿನಕ್ಕೆ ಜೋಸೆಫ್‌ನ ವೀಸಾ ಮುಗಿಯುತ್ತಿತ್ತು. ಅಷ್ಟರೊಳಗೆ ಆಗದಿದ್ದರೆ ಅವನು ಹೊರಡಬೇಕು, ಮತ್ತೆ ರಜೆ, ಮತ್ತೆ ವೀಸಾ, ಮತ್ತೆ ಗೋಡೆ. ನಲವತ್ತೇಳರ ಹೆಣ್ಣುಮಗಳಿಗೆ ಇನ್ನೊಮ್ಮೆ ಕಾಯಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಯಾರನ್ನೂ ಕರೆಯುವುದು ಬೇಡ, ರುಜು ಹಾಕಿ ಬರುವುದು ತಾನೇ, ಎಂದು ತೀರ್ಮಾನಿಸಿದವನು ನಾನು. ಅದಕ್ಕೆ ಸರಳತೆ ಎಂದು ಹೆಸರಿಟ್ಟಿದ್ದೆ. ನಿಜ ಹೇಳಬೇಕೆಂದರೆ, ನಾಲ್ಕು ಜನಕ್ಕೆ ಗೊತ್ತಾಗದೆ ಮುಗಿದರೆ ಸಾಕಾಗಿತ್ತು ನನಗೆ.

ಆದರೆ ನಮ್ಮಲ್ಲಿ ಮದುವೆ ನೋಂದಾಯಿಸುವ ಕಚೇರಿಯಲ್ಲೇ ಜಮೀನನ್ನೂ ನೋಂದಾಯಿಸುತ್ತಾರೆ. ಚೇಳೂರಿನ ರಂಗಪ್ಪಮಾವ, ಎಂದರೆ ಅಮ್ಮನ ಒಡಹುಟ್ಟಿದ ತಮ್ಮ, ತೋಟದ ವಿಭಾಗಪತ್ರಕ್ಕೆಂದು ಗುಬ್ಬಿಗೆ ಬಂದವರು ಸರದಿಯಲ್ಲಿ ನಿಂತು ಬೇಜಾರಾಗಿ ಗೋಡೆ ನೋಡಿದ್ದಾರೆ. ಗೋಡೆಯ ಮೇಲೆ ಸೊಸೆ! ತಮ್ಮ ಕೈಯಿಂದ ಧಾರೆಮಂಟಪಕ್ಕೆ ಕರೆತರಬೇಕಾದ ಹುಡುಗಿ! ಹೊರಗೆ ಮರದ ಕೆಳಗೆ ಕೂತಿದ್ದ ಪತ್ರಬರಹಗಾರನಿಂದ ಅಲ್ಲೇ ಒಂದು ಅರ್ಜಿ ಬರೆಸಿ, ರುಜು ಹಾಕಿ, ಇಪ್ಪತ್ತೆಂಟನೆಯ ದಿನ ಒಳಗೆ ಕೊಟ್ಟರು.

ನೋಂದಣಿ ಅಧಿಕಾರಿಗಳು ನನ್ನನ್ನು ಕರೆಸಿ ಅದನ್ನು ಓದಿ ಹೇಳಿದರು. "ಸದರಿ ವಧುವಿಗೆ ನಾನು ಖಾಸಾ ಸೋದರಮಾವನಾಗಿದ್ದು, ಸದರಿ ವಿವಾಹಕ್ಕೆ ನನ್ನನ್ನು ಮನೆಗೆ ಬಂದು ಕುಂಕುಮವಿಟ್ಟು ಕರೆದಿರುವುದಿಲ್ಲವಾದ್ದರಿಂದ ನನ್ನ ಬಲವಾದ ಆಕ್ಷೇಪಣೆ ಇರುತ್ತದೆ."

"ಕಾನೂನಲ್ಲಿರೋ ಕಾರಣಗಳಲ್ಲಿ ಇದು ಇಲ್ಲ ಸಾರ್" ಎಂದರು ಅವರು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ. "ಆದ್ರೆ ಪುಸ್ತಕದಲ್ಲಿ ಏರಿಸಿ ಆಗಿದೆ. ನಾನು ವಿಚಾರಣೆ ಮಾಡ್ಬೇಕು, ದಿನ ಹಿಡಿಯತ್ತೆ. ಇಲ್ಲಾ ಅವ್ರೇ ಬಂದು ವಾಪಸ್ ತಗೋಬೇಕು. ಒಂದ್ಸಲ ಕರೆದು ಬಂದ್ಬಿಡಿ."

ಸರ್ಕಾರವೇ ಹೇಳಿದ ಮೇಲೆ ಮುಗಿಯಿತು. ಭರಣಿ ಗೂಡಿನಿಂದ ಇಳಿಯಿತು. ಮದುಮಗಳು ತಾನೇ ಕರೆಯಲು ಹೋಗುವುದು ಪದ್ಧತಿಯಲ್ಲ. ಆದರೆ ವಸುಧಾ ಮನೆಯಲ್ಲಿ ಕೂರಲೊಲ್ಲೆ ಎಂದಳು. ನಾನು, ಅವಳು, ಜೋಸೆಫ್ ಮೂವರೂ ಚೇಳೂರಿನ ಬಸ್ಸು ಹತ್ತಿದೆವು.

ಮಾವ ಜಗುಲಿಯ ಮೇಲೆ ಕೂತು ನಮ್ಮನ್ನು ನೋಡಲೇ ಇಲ್ಲ. ಒಳಗೆ ಅತ್ತೆ ತುರಿಯುವ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಜೋಸೆಫ್ ಅದನ್ನು ಕಂಡವನೇ ಊರಿನವರು ಸಿಕ್ಕಿದಂತೆ ಹಿಗ್ಗಿಹೋದ. ಅವನ ಕಡೆಯೂ ಇಂಥದೇ ಮಣೆ, ಅದಕ್ಕೆ ಅವರ ಭಾಷೆಯಲ್ಲಿ ಮೇಕೆಯ ಹೆಸರನ್ನೇ ಇಟ್ಟಿದ್ದಾರಂತೆ. ಅತ್ತೆಯನ್ನು ಎಬ್ಬಿಸಿ ತಾನೇ ಕೂತು ತುರಿಯತೊಡಗಿದ. ಮಾವ ಕತ್ತು ಚಾಚಿ ಒಂದು ಹೋಳು ಮುಗಿಯುವ ತನಕ ನೋಡಿದರು.

"ಕರಟದ ಕರಿ ಒಂಚೂರೂ ಬೀಳಿಸ್ಲಿಲ್ಲ ಕಣೇ ಇವ್ನು" ಎಂದರು ಅತ್ತೆಗೆ. ಆಮೇಲೆ ನನ್ನ ಕಡೆ ತಿರುಗಿ, "ಕೇಳ್ಲಾ, ಅವ್ರ ಕಡೆ ತೆಂಗಿಗೆ ನುಸಿ ಬೀಳ್ತದಾ?"

ಬೀಳುತ್ತದೆಂದು ತಿಳಿದು ಮಾವನಿಗೆ ಬಹಳ ಸಮಾಧಾನವಾಯಿತು. ವಸುಧಾ ಅತ್ತೆಗೆ ಕುಂಕುಮವಿಟ್ಟು, ಮಾವನ ಕೈಗೆ ಎಲೆಅಡಿಕೆ ಕೊಟ್ಟು, ಕಾಲಿಗೆ ಬಿದ್ದು ಕರೆದಳು. ಮಾವ ಕಣ್ಣೊರೆಸಿಕೊಂಡು, ನಾಳೆಯೇ ಬಂದು ಅರ್ಜಿ ವಾಪಸು ಪಡೆಯುವುದಾಗಿ ಒಪ್ಪಿದರು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. "ಏನ್ ಮಾವ, ಇಷ್ಟಕ್ಕೆಲ್ಲಾ ಯಾರಾದ್ರೂ ಸರ್ಕಾರಕ್ಕೆ ಬರೀತಾರಾ?" ಎಂದುಬಿಟ್ಟೆ.

"ನಾನು ಬರ್ದು ಕೊಟ್ಟೆ ಕಣ್ಲಾ, ಸೈನ್ ಹಾಕಿ ಕೊಟ್ಟೆ" ಎಂದರು ಮಾವ. "ನೀನು? ಆ ಕುಣಿಗಲ್ ಮೇಷ್ಟ್ರು ಇವ್ಳನ್ನ ಕೇಳ್ಕೊಂಡು ಬಂದಾಗ ಬ್ಯಾಡ ಅಂದ್ಯಲ್ಲ, ಯಾವ ಕಾಗ್ದ ಕೊಟ್ಟಿದ್ದೆ?"

ಯಾವ ಕಾಗದವನ್ನೂ ಕೊಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಊಟಕ್ಕೆ ಕೂತಿದ್ದಾಗ ಆ ಮಾತು ಬಂತು. ಹುಡುಗ ಬೇರೆ ಜಾತಿಯವನು. ನಾನು ತಲೆಯೆತ್ತದೆ "ಬೇಡ" ಎಂದೆ, ಆಮೇಲೆ ಮಜ್ಜಿಗೆ ಕೇಳಿದೆ. ಅಪ್ಪನಿಲ್ಲದ ಮನೆಯಲ್ಲಿ ನನ್ನ ಮಾತೇ ಕೊನೆ. ನನ್ನ ಆಕ್ಷೇಪಣೆಗೆ ಮೂವತ್ತು ದಿನದ ಗಡುವಿರಲಿಲ್ಲ, ವಿಚಾರಣೆ ನಡೆಸುವ ಅಧಿಕಾರಿಯಿರಲಿಲ್ಲ, ವಾಪಸು ತೆಗೆದುಕೊಳ್ಳಿ ಎಂದು ಯಾರೂ ಮನೆಗೆ ಬರಲಿಲ್ಲ. ಕಾಯಿದೆ ಕಲ್ಲುಮನಸ್ಸಿನದು, ಹೆತ್ತ ಮನೆ ಮೃದು ಎಂದು ನಾನು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ, ಜನ ಚಪ್ಪಾಳೆಯನ್ನೂ ತಟ್ಟಿದ್ದಾರೆ.

ಬಸ್ ನಿಲ್ದಾಣದಲ್ಲಿ ಜೋಸೆಫ್ ಎಳನೀರು ತರಲು ಹೋದಾಗ, ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು.

"ತಪ್ಪಾಯ್ತು ಕಣೇ ವಸು" ಎಂದೆ.

"ಗೊತ್ತು" ಎಂದಳು. "ಹೇಳಕ್ಕೆ ಎಷ್ಟು ವರ್ಷ ತಗೊಂಡೆ ನೋಡು."

ಆಮೇಲೆ ಚೀಲದಿಂದ ಭರಣಿ ತೆಗೆದು, ನಿಲ್ದಾಣದ ಜನರೆಲ್ಲ ನೋಡುತ್ತಿದ್ದಂತೆ, ನನ್ನ ಹಣೆಗೆ ಕುಂಕುಮವಿಟ್ಟಳು. "ನಿನ್ನನ್ನೂ ಕರೆದಿರ್ಲಿಲ್ಲ ಅಲ್ವಾ? ಸೋಮವಾರ ಹನ್ನೊಂದು ಗಂಟೆಗೆ ಗುಬ್ಬಿ ಆಫೀಸಲ್ಲಿ ನನ್ ಮದ್ವೆ. ಬರ್ಬೇಕು ಅಣ್ಣ." ನನಗೆ ಅಳು ಬಂತು. ಐವತ್ತೈದರ ಗಂಡಸು ಚೇಳೂರು ಬಸ್ ನಿಲ್ದಾಣದಲ್ಲಿ ಅಳುವುದು ಶೋಭೆಯಲ್ಲ, ಆದರೂ ಅತ್ತುಬಿಟ್ಟೆ.

ಸೋಮವಾರ ಮೂವರು ಸಾಕ್ಷಿಗಳ ಪೈಕಿ ಮಾವ ಮೊದಲು ರುಜು ಹಾಕಿದರು, ನನ್ನ ಹೆಂಡತಿ ಎರಡನೆಯವಳು. ನಾನು ಭರಣಿಯಿದ್ದ ಚೀಲದಿಂದಲೇ ಪೆನ್ನು ತೆಗೆದು ಬರೆದೆ. ನನ್ನ ಹೆಸರಿನ ಪಕ್ಕ ಕೆಂಪಗೆ ಒಂದು ಬೆರಳಚ್ಚು ಮೂಡಿತು. ಗಾಬರಿಯಿಂದ ಕರ್ಚೀಫು ತೆಗೆದೆ.

"ಒರೆಸ್ಬೇಡಿ" ಎಂದರು ಅಧಿಕಾರಿಗಳು. "ಒರೆಸಿದ್ರೆ ತಿದ್ದಿದ ಹಾಗಾಗತ್ತೆ. ಹಾಗೇ ಇರ್ಲಿ."

ಭರಣಿ ಈಗ ತಂಗಿಯ ಜೊತೆ ತಾಂಜಾನಿಯಾದಲ್ಲಿದೆ. ಮುಚ್ಚಳ ಅಲ್ಲಿಯೂ ಕೂರುವುದಿಲ್ಲವಂತೆ. ದೇವರ ಗೂಡಿನಲ್ಲಿ ಅದು ಇದ್ದ ಜಾಗದಲ್ಲಿ ಕೆಂಪು ಗುಂಡನೆಯ ಗುರುತೊಂದು ಉಳಿದಿದೆ. ಶುಕ್ರವಾರ ಗೂಡು ತೊಳೆಯುವಾಗ ಹೆಂಡತಿ ಅದನ್ನು ತಿಕ್ಕಲು ಹೊರಡುತ್ತಾಳೆ, ನಾನು ಬೇಡ ಎನ್ನುತ್ತೇನೆ. ಈ ಮನೆಯಲ್ಲಿ ನಾನು ಈಗ ಬೇಡ ಎನ್ನುವುದು ಅದೊಂದಕ್ಕೇ.