ಆಯಿಯ ಉಸಿರಿಗೆ ನಾಲ್ಕೇ ತಾಸು

ಕಮಲಾಪುರದ ನಮ್ಮ ಮನೆಯಲ್ಲಿ ಬೆಳಗ್ಗೆ ಹತ್ತಕ್ಕೆ ಕರೆಂಟ್ ಹೋಯಿತು. ಸಂಜೆ ಐದರವರೆಗೆ ಬರುವುದಿಲ್ಲವೆಂದು ಗೊತ್ತಾಯಿತು. ನಾವು ಆಯಿ ಎನ್ನುವ ನನ್ನ ಅಜ್ಜಿಗೆ ಆಕ್ಸಿಜನ್ ಕೊಡುವ ಯಂತ್ರ ಇನ್ವರ್ಟರ್ ಮೇಲೆ ಓಡುತ್ತಿತ್ತು.

“ಏ ಬಿಎಸ್ಸಿ ಬಾಯಿ, ಬ್ಯಾಟ್ರಿ ಹೊಸಾದದ. ಸಂಜಿತನಕ ನಡೀತದ, ಸುಮ್ನ ಕೂಡು,” ಎಂದು ಅಪ್ಪನ ತಮ್ಮ ಕಾಕಾ ನನ್ನ ಡಿಗ್ರಿಯನ್ನು ಛೇಡಿಸಿದರು.

ಯಂತ್ರದ ಹಿಂದೆ 230 ವೋಲ್ಟ್, ಒಂದೂವರೆ ಆಂಪಿಯರ್ ಎಂದಿತ್ತು. ಗುಣಿಸಿದೆ, 345 ವ್ಯಾಟ್. ಬ್ಯಾಟರಿಯ ಮೇಲಿದ್ದ 12 ವೋಲ್ಟ್, 150 ಆಂಪಿಯರ್-ಅವರ್ ಗುಣಿಸಿದರೆ 1800; ಅದನ್ನು 345ರಿಂದ ಭಾಗಿಸಿದರೆ ಸಿಕ್ಕಿದ್ದು ಸುಮಾರು ಐದು ತಾಸು. ಇನ್ವರ್ಟರ್ ತಾನೇ ತಿನ್ನುವುದನ್ನು ಕಳೆದರೆ ನಾಲ್ಕು.

“ಕಾಕಾ, ಎರಡಕ್ಕ ಬಂದ್ ಆಗ್ತದರೀ. ಈಗೇ ಕಲಬುರಗಿಗೆ ಹೋಗಿ ಸಿಲಿಂಡರ್ ತರ್ರಿ!”

ಕಾಕಾ ಗೊಣಗುತ್ತಲೇ ಹೋಗಿ ಆಕ್ಸಿಜನ್ ಸಿಲಿಂಡರ್ ತಂದರು. ನಾನು ಅದರ ನಳಿಕೆಯನ್ನು ಆಯಿಗೆ ಜೋಡಿಸುವಾಗಲೇ, ಬ್ಯಾಟರಿ ಮುಗಿಯುತ್ತಿದೆ ಎಂದು ಇನ್ವರ್ಟರ್ ಕೂಗತೊಡಗಿತ್ತು. ಗಂಟೆ ಎರಡಾಗಲು ಹತ್ತು ನಿಮಿಷವಿತ್ತು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಕಾಲೇಜಿನಲ್ಲಿ ಆ ಗುಣಾಕಾರಕ್ಕೆ ಒಂದೇ ಅಂಕವಿತ್ತು. ಅಂದು ಅದರ ಮೇಲೆ ಆಯಿಯ ಉಸಿರೇ ನಿಂತಿತ್ತು.