ಟೈಪಿಂಗ್ ಮಾಸ್ತರರು ಮಾತು ಮರೆತ ದಿನ

ಹೋದ ವಾರ ಲಿಂಗಸುಗೂರಿನ ಗುಜರಿ ಅಂಗಡಿಯ ಮುಂದೆ ಹಾಯುವಾಗ ಟೈಪ್‌ರೈಟರ್ ರಿಬ್ಬನ್ನಿನ ವಾಸನೆ ಮೂಗಿಗೆ ಬಡಿಯಿತು. ಮಸಿ, ಮಷೀನ್ ಎಣ್ಣೆ, ಒಂದಿಷ್ಟು ಧೂಳು... ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದರೂ ಕೂರಲಾಗಲಿಲ್ಲ.

ಎಂಬತ್ತರ ದಶಕದ ಕೊನೆ. ಪಿಯುಸಿ ಮುಗಿಸಿ ಅದೇ ಊರಿನ ಟೈಪಿಂಗ್ ಕ್ಲಾಸಿಗೆ ಸೇರಿದ್ದೆ. ನಮ್ಮ ಮಾಸ್ತರರು ಒಂದು ಕಡೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಮಷೀನುಗಳ ನಡುವೆ ಅತ್ತಿಂದಿತ್ತ ನಡೆಯುತ್ತಲೇ ಇಂಗ್ಲೆಂಡಿನ ಒಬ್ಬ ಟೀವಿ ಹಾಸ್ಯಗಾರನ ಕತೆ ಹೇಳುತ್ತಿದ್ದರು. ಹೈದರಾಬಾದಿನ ಭಾವಮೈದುನ ತಂದುಕೊಟ್ಟ ಆತನ ಕ್ಯಾಸೆಟ್ಟನ್ನು, ಬಾಡಿಗೆಗೆ ವಿಸಿಆರ್ ತರಿಸಿ ನಮಗೂ ತೋರಿಸಿದ್ದರು. ಬಡಕಲು ಮನುಷ್ಯ, ಎಷ್ಟು ಅವಮಾನವಾದರೂ ಎದುರಿಗಿದ್ದವರ ಕ್ಷಮೆ ಕೇಳುವವನು. ಇಂಗ್ಲಿಷ್ ತಿಳಿಯದ ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

“ಬ್ರೆಡ್ಡಿನ ಬುಟ್ಟಿ ಹೊತ್ತು ಬೆಳೆದಾಂವ. ಈಗ್ಲೂ ಸ್ಟೇಜ್ ಹತ್ತೂ ಮುಂದ ಕೈ ಥರಥರ ನಡಗ್ತಾವಂತ. ಆದ್ರ ಹತ್ತೂದು ಬಿಟ್ಟಿಲ್ಲ,” ಎನ್ನುತ್ತಿದ್ದರು.

ಒಂದು ವರ್ಷ ಸಿಂಧನೂರಿನಲ್ಲಿ ಸುತ್ತಲಿನ ಟೈಪಿಂಗ್ ಕ್ಲಾಸುಗಳೆಲ್ಲ ಸೇರಿ ಹಾಡು-ನಾಟಕದ ಗ್ಯಾದರಿಂಗ್ ಇಟ್ಟುಕೊಂಡವು. ಮಾಸ್ತರರು ಆತನ ಒಂದು ಹಾಸ್ಯವನ್ನು ನಮ್ಮ ಮಾತಿಗೆ ತಿರುಗಿಸಿದರು. ತುಂಬಿದ ಬಸ್ಸು, ಒಬ್ಬನ ಕಾಲನ್ನು ಇನ್ನೊಬ್ಬ ತುಳಿದು ನಿಂತಿದ್ದಾನೆ, ತುಳಿಸಿಕೊಂಡವನಿಗೇ ಸಂಕೋಚ. “ಮಾಫ್ ಮಾಡ್ರಿ ಸಾಹೇಬ್ರ, ನಿಮ್ಮ ಪಾದದ ಬುಡಕ ನಂದೂ ಒಂದು ಕಾಲು ಐತ್ರಿ. ಅವಸರೇನಿಲ್ಲ, ಮಸ್ಕಿ ಬಂದಮ್ಯಾಲ ತಗೀರಿ.”

ಅದನ್ನು ಟೈಪ್ ಮಾಡಿದವಳು ನಾನೇ. ಪರದೆಯ ಪಕ್ಕ ಹಾಳೆ ಹಿಡಿದು ನಿಲ್ಲುವ ಕೆಲಸವೂ ನನ್ನದೇ. “ನಾ ನಿಂತ್ರ ಮುಂದಿನ ಮಾತು ಸಣ್ಣಗ ಹೇಳವ್ವ,” ಎಂದಿದ್ದರು.

ಸ್ಟೇಜಿನ ಮೇಲೆ ಎರಡು ಮಾತಾಡಿ ಅವರು ನಿಂತುಬಿಟ್ಟರು. ಬಾಯಿ ತೆರೆದು ಮುಚ್ಚಿದರು. ಜನ ನಗತೊಡಗಿದರು. ಬೆವರು ಒರೆಸಿಕೊಂಡರು, ನಗು ಹೆಚ್ಚಾಯಿತು. ನನ್ನ ಕಡೆ ಒಮ್ಮೆ ನೋಡಿದರು... ಮತ್ತೊಮ್ಮೆ ನೋಡಿದರು. ಹಾಳೆಯಲ್ಲಿಲ್ಲದ್ದನ್ನು ಹೊಸದಾಗಿ ಸೇರಿಸಿದ್ದಾರೆ ಎಂದುಕೊಂಡು, ಮುಂದಿನ ಮಾತು ಹೇಳಿಕೊಡದೆ ನಾನೂ ನಕ್ಕೆ.

ಚಪ್ಪಾಳೆಯ ನಡುವೆ ಇಳಿದು ಬಂದರು. ಊರಿಗೆ ಮರಳುವ ಬಸ್ಸಿನಲ್ಲಿ ಅಲುಗಾಡದೆ ಕೂತಿದ್ದರು.

“ಭಾಳ ಚಲೋ ಆತ್ರೀ ಸರ್,” ಎಂದೆ.

“ಮಂದಿ ನಕ್ರು. ನಾ ನಗಸಲಿಲ್ಲ,” ಎಂದರು. ನನ್ನ ಕಡೆ ತಿರುಗಿ, “ನೀನೂ ನಕ್ಕಿ, ಅಲ್ಲೇನವ್ವ?”

ನಾನು ಕಿಟಕಿಯಾಚೆ ನೋಡಿದೆ.

ಆಮೇಲೆ ಅವರು ಸ್ಟೇಜ್ ಹತ್ತಲಿಲ್ಲ. ಕ್ಲಾಸಿನಲ್ಲಿ ಹಾಸ್ಯಗಾರನ ಮಾತೂ ನಿಂತಿತು. ನನಗೆ ಬೇರೆ ಊರಿನಲ್ಲಿ ಟೈಪಿಸ್ಟ್ ನೌಕರಿ ಸಿಕ್ಕಾಗ ಪೇಡೆ ಕೊಡಲೆಂದು ಎರಡು ಸಲ ಹೊರಟು, ಬಸ್ ಸ್ಟ್ಯಾಂಡಿನಿಂದಲೇ ತಿರುಗಿ ಬಂದೆ. ಕಂಪ್ಯೂಟರ್ ಬಂದು ಕ್ಲಾಸು ಮುಚ್ಚಿತು. ಅವರು ತೀರಿಕೊಂಡದ್ದು ನನಗೆ ತಿಳಿದದ್ದೂ ತಡವಾಗಿ...

ನಿನ್ನೆ ಕೊನೆಗೂ ಮಸ್ಕಿಗೆ ಹೋಗಿ, ಈಗ ಅಲ್ಲಿರುವ ಅವರ ಹೆಂಡತಿಯನ್ನು ಕಂಡೆ. ನಡೆದದ್ದೆಲ್ಲ ಹೇಳಿದೆ. ಆಕೆ ಪುಂಡಿಪಲ್ಯದ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡರು.

“ಆ ಬಸ್ಸಿನ ಹಾಸ್ಯ ಏನು? ದಿನಾ ಸಂಜಿಮುಂದ ನನಗ ಮಾಡಿ ತೋರಸ್ತಿದ್ರು, ಕಡೀತನಕ. ಒಂದು ಮಾತೂ ಮರೀತಿರಲಿಲ್ಲ.”

“ನೀವು ನಗ್ತಿದ್ರೇನ್ರಿ?”

“ನಗಲಾರದ ಹ್ಯಾಂಗಿರ್ಲವ್ವ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾಸ್ತರರು ನಗಿಸಿದ್ದನ್ನು ನೋಡಿದವರು ಆಕೆಯೊಬ್ಬರೇ. ಅದನ್ನು ಕೇಳಿ ನನ್ನ ಮನಸ್ಸು ಹಗುರಾಗಬೇಕಿತ್ತು... ಆಗಲಿಲ್ಲ.