ಟಗರಿನ ಎಡಗಿವಿ ಮತ್ತು ಹನ್ನೆರಡು ಟೀ ಶರ್ಟ್

2023ರ ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ, ಹಿರಿಯೂರಿನ ನನ್ನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಹನ್ನೆರಡು ಕಪ್ಪು ಟೀ ಶರ್ಟ್‌ಗಳು ಕೆಟ್ಟಿರುವುದು ಗೊತ್ತಾಯಿತು. ಕೆಡಿಸಿದವಳು ನಾನು. ಕೆಟ್ಟಿವೆ ಎಂದು ತೋರಿಸಿಕೊಟ್ಟವರು ಎಪ್ಪತ್ತು ದಾಟಿದ ಒಬ್ಬ ಕಂಬಳಿ ನೇಕಾರರು.

ನನ್ನದು ಹತ್ತೊಂಬತ್ತು ವರ್ಷದಿಂದ ಲಗ್ನಪತ್ರಿಕೆ ಮುದ್ರಿಸುವ ಕೆಲಸ. ಹೊಸದುರ್ಗದಿಂದಲೂ ಗಿರಾಕಿಗಳು ಬರುತ್ತಿದ್ದರು. ಈಚೆಗೆ ಕರೆಯೋಲೆಗಳೆಲ್ಲ ಮೊಬೈಲಿನಲ್ಲೇ ಹೋಗತೊಡಗಿ ಪತ್ರಿಕೆ ಕೆಲಸ ಅರ್ಧಕ್ಕಿಳಿದಿತ್ತು. ಟೀ ಶರ್ಟ್ ಕೈಹಿಡಿಯದಿದ್ದರೆ ಅಂಗಡಿ ಮುಚ್ಚುವುದೆಂದು ಮನೆಯಲ್ಲಿ ಮಾತಾಗಿತ್ತು. ಒಂದು ಬಣ್ಣದ ಅಕ್ಷರಗಳನ್ನು ಬಟ್ಟೆಯ ಮೇಲೆ ಮುದ್ರಿಸಿ ಅಭ್ಯಾಸವಿತ್ತು. ನಾಲ್ಕು ಬಣ್ಣದ ಚಿತ್ರಕ್ಕೆ ಕೈ ಹಾಕಿದ್ದು ಅದೇ ಮೊದಲು.

ಆರ್ಡರ್ ಕೊಟ್ಟವರು ಗಿರಿಜಮ್ಮ. ಜವನಗೊಂಡನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆಗಳ ಹನ್ನೆರಡು ಹೆಂಗಸರು ಸೇರಿ ಕಂಬಳಿ ಮಾರುವ ಗುಂಪು ಕಟ್ಟಿಕೊಂಡಿದ್ದರು. ಇವರು ಅದರ ಮುಂದಾಳು. ಆ ಭಾನುವಾರ ಚಿತ್ರದುರ್ಗದ ಒಂದು ಪ್ರದರ್ಶನದಲ್ಲಿ ಅವರಿಗೆ ಮೊದಲ ಬಾರಿಗೆ ಮಳಿಗೆ ಸಿಕ್ಕಿತ್ತು. ಹನ್ನೆರಡು ಜನರೂ ಒಂದೇ ಥರದ ಅಂಗಿ ತೊಟ್ಟು ನಿಲ್ಲಬೇಕೆಂಬುದು ಅವರ ಆಸೆ. ಒಬ್ಬೊಬ್ಬರಿಗೆ ಎರಡರಂತೆ ಇಪ್ಪತ್ತನಾಲ್ಕು ಕಪ್ಪು ಟೀ ಶರ್ಟ್ ತರಿಸಿದ್ದೆ. ಎದೆಯ ಮೇಲೆ ಅವರ ಹಟ್ಟಿಯ ಟಗರಿನ ಚಿತ್ರ: ಬಿಳಿ ಮೈ, ಕಂದು ತಲೆ, ಕೊರಳಲ್ಲಿ ಕೆಂಪು ದಾರ, ಕೆಳಗೆ ಹಳದಿ ಅಕ್ಷರದಲ್ಲಿ ಗುಂಪಿನ ಹೆಸರು.

ಲಗ್ನಪತ್ರಿಕೆ ಮಾಡುವವರ ಪದ್ಧತಿ ಹೀಗೆ: ಮೊದಲ ದಿನ ಅಷ್ಟೂ ಕಾರ್ಡಿಗೆ, ಚೌಕಟ್ಟಿಗೆ ಬಿಗಿದ ಜಾಲರಿಯ ಸ್ಕ್ರೀನಿನ ಮೂಲಕ, ಒಂದು ಬಣ್ಣ ಹಾಕಿ ಒಣಗಲು ಹರಡುತ್ತೇವೆ. ಮರುದಿನ ಸ್ಕ್ರೀನ್ ಬದಲಿಸಿ ಅಷ್ಟಕ್ಕೂ ಎರಡನೇ ಬಣ್ಣ. ಕಾರ್ಡಿಗೆ ಮೂಲೆಗಳಿವೆ. ಮೇಜಿನ ಮೇಲೆ ಅಂಟಿಸಿದ ಪಟ್ಟಿಗೆ ಮೂಲೆ ತಾಗಿಸಿಟ್ಟರೆ ಪ್ರತಿ ಸಲವೂ ಅದೇ ಜಾಗದಲ್ಲಿ ಕೂರುತ್ತದೆ. ಟೀ ಶರ್ಟಿನೊಳಗೆ ಗೋಂದು ಹಚ್ಚಿದ ತೆಳು ಹಲಗೆ ತೂರಿಸಿ, ಅದಕ್ಕೂ ನಾನು ಹಾಗೆಯೇ ಮಾಡಿದೆ. ಹಿಂದಿನ ಭಾನುವಾರದಿಂದ ಬುಧವಾರದವರೆಗೆ ದಿನಕ್ಕೊಂದು ಬಣ್ಣ, ಮೊದಲು ಇಡೀ ಚಿತ್ರದ ಅಡಿಗೆ ಬಿಳಿ. ಮೊದಲ ಕಂತಿಗೆ ಹನ್ನೆರಡು ಅಂಗಿ. ಎರಡನೇ ದಿನವೇ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿಲ್ಲವೆಂದು ಕಂಡಿತ್ತು. ದೂರದಿಂದ ನೋಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮುಂದುವರಿಸಿದೆ.

ಗುರುವಾರ ಗಿರಿಜಮ್ಮ ತಮ್ಮ ಮಾವ ಚಿಕ್ಕಣ್ಣನವರ ಜೊತೆ ಬಂದರು. ಗುಂಪಿನ ಕಂಬಳಿಗಳನ್ನು ನೇಯುವವರಲ್ಲಿ ಅವರೇ ಹಿರಿಯರು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಒಂದು ಅಂಗಿ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ಸಂತೆಯಲ್ಲಿ ಕುರಿ ನೋಡುವವರ ಹಾಗೆ ಬಾಯಿ, ಕೊಂಬು, ಕಾಲು ಎಂದು ಒಂದೊಂದಾಗಿ ನೋಡಿದರು.

“ಇದು ನಮ್ಮ ಟಗರಲ್ಲ ಕಣವ್ವ” ಎಂದರು.

ನಿಮ್ಮ ಸೊಸೆ ಕೊಟ್ಟ ಫೋಟೋವನ್ನೇ ಬಳಸಿದ್ದೇನೆ ಎಂದು ನಾನು ಹೇಳಿದೆ.

“ಫೋಟೋ ನಮ್ದೇ. ಕಿವಿ ನಮ್ದಲ್ಲ. ಎಡಗಿವಿ ಸೀಳಿದ್ರೆ ಅದು ಹಳ್ಳದ ಆಚೆ ಹಟ್ಟಿಯೋರ ಗುರುತು. ಇದನ್ನ ತೊಟ್ಕಂಡು ನಿಂತ್ರೆ ಅವರ ಟಗರು ಹೊಡ್ಕಂಡು ಬಂದೀವಿ ಅಂತಾರೆ.”

ಹತ್ತಿರ ಹೋಗಿ ನೋಡಿದೆ. ಕಂದು ಬಣ್ಣ ಪಕ್ಕಕ್ಕೆ ಜರುಗಿ, ಎಡಗಿವಿಯ ತುದಿಯಲ್ಲಿ ಅಡಿಯ ಬಿಳಿ ಬಣ್ಣ ಗೆರೆಯಂತೆ ಇಣುಕಿತ್ತು. ಕುರಿ ಸಾಕುವವರು ತಮ್ಮ ಮಂದೆಯ ಗುರುತಿಗೆ ಕಿವಿಯನ್ನು ಸ್ವಲ್ಪ ಕತ್ತರಿಸುತ್ತಾರೆ, ಒಂದೊಂದು ಹಟ್ಟಿಗೆ ಒಂದೊಂದು ಬಗೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಗಿರಿಜಮ್ಮ ಇನ್ನೊಂದು ಅಂಗಿ ಬಿಡಿಸಿದರು.

“ಇದ್ರಾಗೆ ಎರಡು ಮೂಗು ಅವೆ ನೋಡು ಮಾವ” ಎಂದು ನಕ್ಕರು. ಆಮೇಲೆ ಉಳಿದವನ್ನೂ ನೋಡಿ ನಗು ನಿಲ್ಲಿಸಿದರು. ಹನ್ನೆರಡರಲ್ಲಿ ಒಂದೂ ಇನ್ನೊಂದರಂತಿರಲಿಲ್ಲ.

ಇನ್ನು ಮೂರೇ ದಿನ. ಬಣ್ಣ ಕಾಣದ ಅಂಗಿಗಳು ಉಳಿದಿದ್ದದ್ದು ಹನ್ನೆರಡು, ತೊಡುವವರೂ ಹನ್ನೆರಡು ಜನ. ಹೊಸದಾಗಿ ತರಿಸಲು ಸಮಯವಿರಲಿಲ್ಲ. ಒಂದು ಕೆಟ್ಟರೂ ಒಬ್ಬರು ಅಂಗಿಯಿಲ್ಲದೆ ನಿಲ್ಲಬೇಕು. ನನ್ನ ಕೈಲಾಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಚಿಕ್ಕಣ್ಣ, ಈ ಬಟ್ಟೆಯನ್ನು ಹಲಗೆಯಿಂದ ಎಷ್ಟು ಸಲ ಇಳಿಸಿದಿರಿ ಎಂದು ಕೇಳಿದರು. ಬಣ್ಣಕ್ಕೊಂದು ಸಲ, ಒಟ್ಟು ನಾಲ್ಕು ಸಲ ಎಂದೆ.

“ಮಗ್ಗದಿಂದ ಇಳಿಸಿದ ಕಂಬಳೀನ ತಿರುಗಿ ಅದೇ ಬಿಗಿಗೆ ಏರಿಸಾಕೆ ಐವತ್ತು ವರ್ಷ ಆದ್ರೂ ನನ್ ಕೈಲಿ ಆಗಿಲ್ಲ. ನೀವು ಹೆಂಗೆ ಏರಿಸ್ತೀರಿ?”

ಟೀ ಶರ್ಟಿಗೆ ಮೂಲೆಯೇ ಇಲ್ಲ, ಎಳೆದ ಕಡೆಗೆಲ್ಲ ಹಿಗ್ಗುತ್ತದೆ ಎಂಬುದು ಕಣ್ಣೆದುರಿಗೇ ಇತ್ತು. ಬಟ್ಟೆಯನ್ನು ಕದಲಿಸಬಾರದು, ಬಣ್ಣಗಳೇ ಅದರ ಬಳಿಗೆ ಬರಬೇಕು.

ಮಧ್ಯಾಹ್ನ ನಾನು ಚೌಕ ಮೇಜಿನ ನಾಲ್ಕು ಬದಿಗೂ ಬಾಗಿಲಿನ ಕೀಲುಗಳನ್ನು ತಿರುಪು ಹಾಕಿ ಕೂರಿಸಿದೆ. ಚಿತ್ರವನ್ನು ಬದಿಗೆ ತಕ್ಕಂತೆ ತಿರುಗಿಸಿ ನಾಲ್ಕು ಸ್ಕ್ರೀನ್‌ಗಳನ್ನು ಹೊಸದಾಗಿ ಮಾಡಿ, ಬದಿಗೊಂದರಂತೆ ಆ ಕೀಲುಗಳಿಗೆ ಹಿಡಿಸಿದೆ. ಈಗ ಅಂಗಿ ನಡುವೆ ಮಲಗಿರುತ್ತದೆ. ಒಂದು ಬದಿಯ ಸ್ಕ್ರೀನ್ ಅದರ ಮೇಲೆ ಬಾಗಿ ಬಣ್ಣ ಹಾಕಿ ಎದ್ದು ಹೋದರೆ, ಮುಂದಿನ ಬದಿಯದು ಬಾಗುತ್ತದೆ. ಕೆಟ್ಟ ಅಂಗಿಗಳ ಬೆನ್ನು ಖಾಲಿಯಿತ್ತಲ್ಲ, ಪರೀಕ್ಷೆಗೆ ಅದನ್ನೇ ಬಳಸಿದೆ. ಮೊದಲಿಗಿಂತ ಎಷ್ಟೋ ವಾಸಿ, ಆದರೂ ಕಿವಿ ಸೀಳಿಯೇ ಇತ್ತು. ಅಂಗಿಯೊಳಗಿನ ಹಲಗೆಗೆ ನಾನು ಹಚ್ಚುತ್ತಿದ್ದ ಗೋಂದು ಮಾರ್ಚಿನ ಬಿಸಿಗಾಳಿಗೆ ಬೇಗ ಒಣಗಿ ಹಿಡಿತ ಬಿಡುತ್ತಿತ್ತು. ಸ್ಕ್ರೀನ್ ಎತ್ತಿದಾಗ ಬಟ್ಟೆಯೂ ಅದಕ್ಕಂಟಿ ಮೇಲೇಳುತ್ತಿತ್ತು. ಸಂಜೆ ಗಿರಿಜಮ್ಮ ಫೋನ್ ಮಾಡಿದಾಗ ಇದನ್ನು ಹೇಳಿದೆ.

ಶುಕ್ರವಾರ ಮೊದಲ ಬಸ್ಸಿಗೆ ಚಿಕ್ಕಣ್ಣ ಒಬ್ಬರೇ ಬಂದರು. ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಒಳಗೆ ಹುಣಸೆಬೀಜದ ಸರಿ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಕಾಯಿಸಿದ ಅಂಟು. ಕಂಬಳಿಯ ನೂಲು ಗಟ್ಟಿಯಾಗಲು ಅವರು ಬಳಿಯುವುದು ಅದನ್ನೇ. ಮೊದಲ ಸಲ ನಾನು ಹಲಗೆಗೆ ದಪ್ಪಗೆ ಬಳಿದದ್ದರಿಂದ ಅದು ಬಟ್ಟೆಯ ಮೇಲಕ್ಕೂ ಜಿನುಗಿತು. ನೀರು ಬೆರೆಸಿ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟುವಷ್ಟು ಒಣಗುವವರೆಗೆ ಕಾಯಲು ಅವರು ಹೇಳಿದರು. ಅಂಗಿ ಹಲಗೆಗೆ ಮೊಳೆ ಹೊಡೆದಂತೆ ಕೂತಿತು. ಬಣ್ಣ ಒಣಗಿದ ಮೇಲೆ ನೀರಿನಲ್ಲಿ ನೆನೆಸಿದಾಗ ಅಂಟೆಲ್ಲ ಬಿಟ್ಟುಹೋಯಿತು.

ಕೊನೆಗೆ ಉಳಿದದ್ದು ಒಂದೇ ತೊಡಕು. ಬಣ್ಣದಿಂದ ಬಣ್ಣಕ್ಕೆ ನಾನು ಹೇರ್ ಡ್ರೈಯರ್‌ನಿಂದ ಒಣಗಿಸುತ್ತಿದ್ದೆ. ಆ ಬಿಸಿಗೆ ಬಟ್ಟೆ ಕೂದಲೆಳೆಯಷ್ಟು ಕುಗ್ಗುತ್ತಿತ್ತು. ಸ್ಕೇಲ್ ಇಟ್ಟು ಅಳೆದ ಮೇಲೆ ಗೊತ್ತಾಯಿತು. ಬಿಳಿ ಬಣ್ಣ ಹಾಕುವ ಮೊದಲೇ ಪ್ರತಿ ಅಂಗಿಗೂ ಬಿಸಿ ಇಸ್ತ್ರಿ ಒತ್ತಿದೆ. ಕುಗ್ಗುವುದೆಲ್ಲ ಮೊದಲೇ ಕುಗ್ಗಿತು. ಅಂದು ಸಂಜೆ ಐದನೇ ಪರೀಕ್ಷೆಗೆ ಬಳಸಿದ ಅಂಗಿಯ ಬೆನ್ನನ್ನು ಚಿಕ್ಕಣ್ಣ ಬಾಗಿಲ ಬಳಿ ಬಹಳ ಹೊತ್ತು ನೋಡಿದರು. “ಇವಾಗ ನಮ್ದು” ಎಂದು ಹೇಳಿ ಬಸ್ಸಿಗೆ ಹೋದರು.

ಶನಿವಾರ ಬೆಳಿಗ್ಗೆ ಶಟರ್ ಅರ್ಧ ಇಳಿಸಿ, ಗಾಳಿಗೆ ಬಣ್ಣ ಸ್ಕ್ರೀನಿನಲ್ಲೇ ಒಣಗದಂತೆ ನೆಲಕ್ಕೆ ನೀರು ಚಿಮುಕಿಸಿ ಶುರು ಮಾಡಿದೆ. ಒಂದು ಅಂಗಿಗೆ ಅರ್ಧ ಗಂಟೆ ಹಿಡಿಯಿತು. ಹನ್ನೊಂದು ಅಂಗಿಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಬಂದವು. ಹನ್ನೆರಡನೆಯದಕ್ಕೆ ಕೆಂಪು ಬಣ್ಣ ಹಾಕುವಾಗ ಕೈ ಸ್ವಲ್ಪ ಜೋರಾಯಿತು. ಕೊರಳ ದಾರ ಒಂದು ಎಳೆಯಷ್ಟು ಓರೆಯಾಯಿತು. ಸಂಜೆ ಗಿರಿಜಮ್ಮ ಬಂದಾಗ ಈ ಸಲ ನಾನೇ ಅದನ್ನು ಮೇಲಿಟ್ಟು ತೋರಿಸಿದೆ.

“ಇದು ನಂಗಿರ್ಲಿ ಬಿಡಕ್ಕ. ಕುರಿ ಕೊರಳಾಗಿನ ದಾರ ಯಾವತ್ತು ನೆಟ್ಟಗೆ ನಿಂತೈತೆ?” ಎಂದು ಮಡಚಿ ಚೀಲಕ್ಕೆ ಹಾಕಿಕೊಂಡರು.

ಭಾನುವಾರ ಮಧ್ಯಾಹ್ನ ಫೋನಿಗೆ ಒಂದು ಫೋಟೋ ಬಂತು. ಮಳಿಗೆಯ ಮುಂದೆ ಹನ್ನೆರಡು ಹೆಂಗಸರು, ಸೀರೆಯ ಮೇಲೆ ಕಪ್ಪು ಟೀ ಶರ್ಟ್. ಒಬ್ಬರೂ ಕ್ಯಾಮೆರಾ ನೋಡುತ್ತಿರಲಿಲ್ಲ, ಗಿರಾಕಿಗಳ ಜೊತೆ ಮಾತಿನಲ್ಲಿದ್ದರು. ಆ ಗುರುವಾರ ಚಿಕ್ಕಣ್ಣ ಅಂಗಿಯನ್ನು ಬೆಳಕಿಗೆ ಹಿಡಿಯದೆ ಹೋಗಿದ್ದರೆ, ಕೆಟ್ಟ ಹನ್ನೆರಡನ್ನೂ ನಾನು ಕಟ್ಟಿ ಕೊಟ್ಟುಬಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

ಅಂಗಡಿ ಮುಚ್ಚಲಿಲ್ಲ. ಈಗ ಲಗ್ನಪತ್ರಿಕೆಗಿಂತ ಬಟ್ಟೆಯ ಕೆಲಸವೇ ಹೆಚ್ಚು. ಗಿರಿಜಮ್ಮನ ಗುಂಪಿನಲ್ಲಿ ಈಗ ಹತ್ತೊಂಬತ್ತು ಜನರಿದ್ದಾರೆ. ಈ ವರ್ಷ ಅವರು ಆರು ಬಣ್ಣದ ಚಿತ್ರ ಕೇಳಿದರು. ಅದಕ್ಕೆಂದು ಆರು ಬದಿಯ ಮೇಜು ಮಾಡಿಸಿದೆ. ಹತ್ತೊಂಬತ್ತು ಅಂಗಿಗಳ ಮುದ್ರಣ ಕಳೆದ ಸೋಮವಾರ ಮುಗಿಯಿತು. ಮಂಗಳವಾರ ಬೆಳಿಗ್ಗೆ ಗಿರಿಜಮ್ಮ ಬಂದು, ಒಂದೊಂದನ್ನೂ ಬಿಡಿಸಿ ನೋಡಿ, ಅಷ್ಟನ್ನೂ ತೆಗೆದುಕೊಂಡು ಹೋದರು.